ವಾಚು ಕೆಟ್ಟಿಲ್ಲ, ಮಲಗಿಸಿದ ಬಗೆ ಬೇರೆ

ಘೋಡಗೇರಿ, ಘಟಪ್ರಭಾ, ಹುಕ್ಕೇರಿ, ಮೂಡಲಗಿ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕು ತೆಗೆದರೆ ಹೊಲದ ಕಾಗದಗಳ ಕೆಳಗೆ, ಒಂದು ಕರವಸ್ತ್ರದಲ್ಲಿ ಸುತ್ತಿಟ್ಟ ಎಚ್‌ಎಂಟಿ ವಾಚು ಸಿಗುವುದು ಅಪರೂಪವಲ್ಲ. ಅಜ್ಜನ ಮದುವೆಯಲ್ಲಿ ಬೀಗರು ಕೊಟ್ಟದ್ದು. ಆ ಕಾಲದಲ್ಲಿ ಅಳಿಯನಿಗೆ ವಾಚು, ಸೈಕಲ್ಲು, ರೇಡಿಯೊ ಕೊಟ್ಟರೆ ಮದುವೆ ಜೋರಾಗಿ ಆಯಿತೆಂದೇ ಲೆಕ್ಕ.

ಈಗ ಮೊಮ್ಮಗ ಅದನ್ನು ತೆಗೆದು ಚಾವಿ ಕೊಡುತ್ತಾನೆ. ವಾಚು ಟಿಕ್ ಟಿಕ್ ಅನ್ನುತ್ತದೆ. ಮನೆಯವರೆಲ್ಲ ಖುಷಿ. ಮರುದಿನ ಮುಂಜಾನೆ ಮೊಬೈಲು ಪಕ್ಕಕ್ಕೆ ಹಿಡಿದು ನೋಡಿದರೆ ಅರ್ಧ ನಿಮಿಷ ಹಿಂದೆ. ಇನ್ನೊಂದು ದಿನ ಕಾಲು ನಿಮಿಷ ಮುಂದೆ. "ಹಳೇದಾತು, ಕೆಟ್ಟೈತಿ" ಎಂದು ತೀರ್ಮಾನವಾಗುತ್ತದೆ. ಆಮೇಲೆ ಅದು ಹಳೆ ಸಾಮಾನು ಕೊಳ್ಳುವವನ ಚೀಲಕ್ಕೆ ಬೀಳುತ್ತದೆ, ಇಲ್ಲವೆ ಮತ್ತೆ ಟ್ರಂಕಿಗೆ ಹೋಗುತ್ತದೆ.

ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ ಎಂಬುದು ನಮ್ಮ ಮಾತು. ರಾತ್ರಿ ಅದನ್ನು ಹೇಗೆ ಇಟ್ಟಿದ್ದಿರಿ? ಡಯಲ್ ಮೇಲೆ ಮಾಡಿಯೋ, ಮೊಳೆಗೆ ನೇತುಹಾಕಿಯೋ, ಚಾವಿ ಗುಂಡಿಯ ಮೇಲೆ ನಿಲ್ಲಿಸಿಯೋ? ಚಾವಿ ವಾಚಿನ ಮಟ್ಟಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ರಾಜನ ಖಗೋಳ ಪಂಡಿತರೂ ಇದನ್ನೇ ಪರೀಕ್ಷಿಸುತ್ತ ಕೂತಿದ್ದರು.

ಮೊದಲು ಲೆಕ್ಕದ ಮಾತು. ದಿನಕ್ಕೆ 86,400 ಸೆಕೆಂಡು. ವಾಚು ದಿನಕ್ಕೆ ಅರ್ಧ ನಿಮಿಷ ತಪ್ಪಿದರೆ ಸುಮಾರು ಮೂರು ಸಾವಿರಕ್ಕೆ ಒಂದು ತಪ್ಪು. ಕಿರಾಣಿ ಅಂಗಡಿಯ ತಕ್ಕಡಿ ಕ್ವಿಂಟಲ್ ತೂಗಿ 35 ಗ್ರಾಂ ತಪ್ಪಿದರೆ ಯಾರೂ ಜಗಳ ಮಾಡುವುದಿಲ್ಲ. ವಾಚಿನ ಮೇಲೆ ಮಾತ್ರ ನಾವು ಸಿಟ್ಟಾಗುತ್ತೇವೆ. ಯಾಕೆಂದರೆ ಅದರ ತಪ್ಪು ಮರುದಿನಕ್ಕೆ ಅಳಿಯುವುದಿಲ್ಲ, ಕೂಡುತ್ತ ಹೋಗುತ್ತದೆ.

ಇಷ್ಟು ಸೂಕ್ಷ್ಮದ ತಪ್ಪು ಕಾಣಬೇಕಾದರೆ ಹೋಲಿಸಲು ಸರಿಯಾದ ವೇಳೆ ಬೇಕು. ನೆರಳು ನೋಡಿ ಸೆಕೆಂಡು ಹಿಡಿಯಲಾಗದು. ಅದೂ ಅಲ್ಲದೆ ನಮ್ಮ ಘೋಡಗೇರಿ ಕಡೆ ಸೂರ್ಯನ ನಡುಹಗಲು ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ದೇಶದ ವೇಳೆಯನ್ನು ಎಣಿಸುವ ರೇಖೆ ನಮ್ಮಿಂದ ದೂರ ಪೂರ್ವಕ್ಕಿದೆ, ಹಾಗಾಗಿ ಇಲ್ಲಿ ಸರಾಸರಿ ಸುಮಾರು 31 ನಿಮಿಷ ತಡ. 1890ರ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆ ಈ ಭಾಗದಲ್ಲಿ ಓಡತೊಡಗಿದಾಗ ರೈಲಿನವರು ನೋಡುತ್ತಿದ್ದುದು ಮದ್ರಾಸ್ ವೇಳೆ. ಈಗಿನ ಭಾರತೀಯ ವೇಳೆ ಬಂದದ್ದು 1906ರ ಜನವರಿ 1ರಿಂದ. ಗೋಕಾಕ ಫಾಲ್ಸಿನ ನೂಲಿನ ಗಿರಣಿ 1887ರ ಸುಮಾರಿಗೆ ಶುರುವಾಯಿತು. ಗಿರಣಿಯ ಭೋಂಗಾ ಸುತ್ತಲಿನವರಿಗೆ ಪಾಳಿಯ ಹೊತ್ತು ಹೇಳುವ ಗಂಟೆ. 1950ರಲ್ಲಿ ಧಾರವಾಡ ಆಕಾಶವಾಣಿ ಬಂತು. ವಾರ್ತೆಗೆ ಮುಂಚಿನ ಟೂಂ ಟೂಂ ಸದ್ದಿಗೆ ಮುಳ್ಳು ಹೊಂದಿಸಿಕೊಳ್ಳುವ ರೂಢಿ ರೇಡಿಯೊ ಇದ್ದ ಮನೆಗಳಿಗೆಲ್ಲ ಹಬ್ಬಿತು. ವಾಚು ದಿನಕ್ಕೆ ಎಷ್ಟು ತಪ್ಪುತ್ತದೆಂದು ಹಳ್ಳಿಯ ಮನುಷ್ಯನಿಗೆ ಖಾತ್ರಿಯಾಗಿ ತಿಳಿಯತೊಡಗಿದ್ದು ಆಗಲೇ ಎಂದು ನಮ್ಮ ಅಂದಾಜು.

ಈಗ ವಾಚಿನ ಹೊಟ್ಟೆಯೊಳಗೆ ಹೋಗೋಣ. ಚಾವಿ ಕೊಟ್ಟಾಗ ಒಳಗಿನ ಉಕ್ಕಿನ ಪಟ್ಟಿ ಸುರುಳಿಯಾಗಿ ಬಿಗಿಯುತ್ತದೆ. ಅದು ಬಿಚ್ಚುತ್ತ ಹಲ್ಲಿನ ಗಾಲಿಗಳನ್ನು ತಿರುಗಿಸುತ್ತದೆ. ಅದು ಒಮ್ಮೆಲೆ ಬಿಚ್ಚಿ ಹೋಗದಂತೆ ತಡೆತಡೆದು ಬಿಡುವ ಯಜಮಾನ ಬ್ಯಾಲೆನ್ಸ್ ಗಾಲಿ. ಅದಕ್ಕೆ ಕೂದಲಿಗಿಂತ ತೆಳುವಾದ ಒಂದು ಸುರುಳಿ ಕಟ್ಟಿರುತ್ತದೆ, ರಿಪೇರಿಯವರು ಹೇರ್‌ಸ್ಪ್ರಿಂಗ್ ಅನ್ನುತ್ತಾರೆ. ಗಾಲಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತೂಗುತ್ತದೆ. ಎಚ್‌ಎಂಟಿ ಜನತಾ ವಾಚಿನಲ್ಲಿ ಈ ತೂಗು ತಾಸಿಗೆ 18,000. ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಈ ತೂಗು ಒಂದೇ ಸಮನಾಗಿದ್ದರೆ ವೇಳೆ ಸರಿ. ಕೂದಲೆಳೆಯಷ್ಟು ಬೇಗ ಆದರೆ ವಾಚು ಮುಂದೆ, ತಡವಾದರೆ ಹಿಂದೆ.

ಇಟ್ಟ ಭಂಗಿ ಈ ತೂಗನ್ನು ಬದಲಿಸುವುದು ಹೇಗೆ? ಬುಗುರಿ ಆಡಿದವರಿಗೆ ಅರ್ಧ ಉತ್ತರ ಗೊತ್ತು. ಬುಗುರಿ ತನ್ನ ಮೊಳೆಯ ತುದಿಯ ಮೇಲೆ ನೆಟ್ಟಗೆ ನಿಂತಾಗ ಎಷ್ಟು ಹೊತ್ತು ತಿರುಗುತ್ತದೆ ನೋಡಿ. ನೆಲಕ್ಕೆ ತಾಗುವ ಜಾಗ ಒಂದು ಚುಕ್ಕಿಯಷ್ಟು. ವಾಚನ್ನು ಡಯಲ್ ಮೇಲೆ ಮಾಡಿ ಇಟ್ಟರೆ ಬ್ಯಾಲೆನ್ಸ್ ಗಾಲಿಯ ಅಚ್ಚು ಹಾಗೆಯೇ ನೆಟ್ಟಗೆ, ಒಂದು ಹರಳಿನ ಮೇಲೆ ತುದಿಯೂರಿ ನಿಲ್ಲುತ್ತದೆ. ಉಜ್ಜಾಟ ಬಹಳ ಕಡಿಮೆ, ಗಾಲಿ ದೊಡ್ಡದಾಗಿ ತೂಗುತ್ತದೆ. ಅದೇ ವಾಚನ್ನು ಗೋಡೆಯ ಮೊಳೆಗೆ ನೇತುಹಾಕಿದರೆ ಅಚ್ಚು ಅಡ್ಡ ಮಲಗುತ್ತದೆ. ಆಗ ಅದು ಬಂಡಿಯ ಅಚ್ಚಿನಂತೆ. ಎರಡೂ ತುದಿಯ ಮಗ್ಗುಲು ತೂತಿನ ಗೋಡೆಗೆ ಉಜ್ಜುತ್ತದೆ. ಕೀಲೆಣ್ಣೆ ಇಲ್ಲದ ಬಂಡಿ ಎತ್ತಿಗೆ ಎಷ್ಟು ಭಾರವೋ, ಒಣಗಿದ ವಾಚು ಸ್ಪ್ರಿಂಗಿಗೆ ಅಷ್ಟು ಭಾರ. ತೂಗಿನ ಅಗಲ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ಡಿಗ್ರಿ ಕುಗ್ಗುತ್ತದೆ. ಅಗಲ ಕುಗ್ಗಿದರೂ ಒಂದು ತೂಗಿಗೆ ಹಿಡಿಯುವ ಹೊತ್ತು ಬದಲಾಗಬಾರದು ಎಂಬುದು ಪುಸ್ತಕದ ಮಾತು. ನಿಜವಾದ ವಾಚಿನಲ್ಲಿ ಅಷ್ಟಿಷ್ಟು ಬದಲಾಗಿಯೇ ಆಗುತ್ತದೆ.

ಉಳಿದರ್ಧ ಉತ್ತರ ಸೈಕಲ್ಲಿನಲ್ಲಿದೆ. ಸೈಕಲ್ಲನ್ನು ತಲೆಕೆಳಗೆ ಮಾಡಿ ಮುಂದಿನ ಗಾಲಿ ತಿರುಗಿಸಿ ಬಿಡಿ. ನಿಲ್ಲುವಾಗ ಹೆಚ್ಚಾಗಿ ವಾಲ್ ಇರುವ ಮಗ್ಗುಲು ಕೆಳಗೆ ಬರುತ್ತದೆ, ಆ ಮಗ್ಗುಲು ತುಸು ಭಾರ. ಅದೇ ಗಾಲಿ ಬಿಚ್ಚಿ ಅಡ್ಡ ಮಲಗಿಸಿ ತಿರುಗಿಸಿದರೆ ಭಾರದ ಮಗ್ಗುಲು ಯಾವುದೆಂದೇ ತಿಳಿಯದು. ವಾಚಿನ ಬ್ಯಾಲೆನ್ಸ್ ಗಾಲಿಯಲ್ಲೂ ಎಲ್ಲೋ ಒಂದು ಕಡೆ ಧೂಳಿನ ಕಣದಷ್ಟು ಭಾರ ಹೆಚ್ಚಿರುತ್ತದೆ. ವಾಚು ಅಂಗಾತ ಮಲಗಿದ್ದಾಗ ಅದರ ಆಟ ನಡೆಯುವುದಿಲ್ಲ. ನಿಂತಾಗ ನಡೆಯುತ್ತದೆ. ಆ ಭಾರ ಕೆಳಗಿದ್ದರೆ ಒಂದು ರೀತಿ, ಮೇಲಿದ್ದರೆ ಅದಕ್ಕೆ ತದ್ವಿರುದ್ಧ. ಹಾಗಾಗಿ ಗುಂಡಿ ಕೆಳಗೆ ಮಾಡಿ ನಿಲ್ಲಿಸಿದಾಗ ಮುಂದೆ ಓಡುವ ವಾಚು, ಗುಂಡಿ ಮೇಲೆ ಮಾಡಿದಾಗ ಹಿಂದೆ ಬೀಳಬಹುದು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಗಾಲಿ ಮಧ್ಯದಿಂದ ಒಂದೊಂದು ಕಡೆಗೆ ಸುಮಾರು 220 ಡಿಗ್ರಿಗಿಂತ ಕಡಿಮೆ ತೂಗುವಾಗ ಕೆಳಗಿನ ಭಾರ ವಾಚನ್ನು ಓಡಿಸುತ್ತದೆ. ಅದಕ್ಕಿಂತ ಹೆಚ್ಚು ತೂಗುವಾಗ ಅದೇ ಭಾರ ಹಿಂದಕ್ಕೆ ಎಳೆಯುತ್ತದೆ. ಚಾವಿ ತುಂಬಿದ ಮುಂಜಾನೆ ಒಂದು ನಡೆ, ಚಾವಿ ಇಳಿದ ನಡುರಾತ್ರಿ ಇನ್ನೊಂದು ನಡೆ. "ಈ ವಾಚಿಗೆ ಬುದ್ಧಿಯಿಲ್ಲ, ಒಮ್ಮೆ ಹಿಂದ, ಒಮ್ಮೆ ಮುಂದ" ಎಂದು ಬೈಯುವವರು ಈ ಲೆಕ್ಕ ತಿಳಿದರೆ ಬೈಗುಳ ಸ್ವಲ್ಪ ಕಡಿಮೆ ಮಾಡಬಹುದು.

ಇದನ್ನೆಲ್ಲ ಮನುಷ್ಯ ಕಲಿತದ್ದು ಸಮುದ್ರದ ಮೇಲೆ. ನಡುಗಡಲಿನಲ್ಲಿ ಹಡಗು ಪೂರ್ವ ಪಶ್ಚಿಮಕ್ಕೆ ಎಷ್ಟು ದೂರ ಬಂದಿದೆ ಎಂದು ತಿಳಿಯಲು ಹೊರಟ ಬಂದರಿನ ವೇಳೆ ಗೊತ್ತಿರಬೇಕು. ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ತಪ್ಪು. ಒಂದು ನಿಮಿಷ ತಪ್ಪಿದರೆ 28 ಕಿಲೋಮೀಟರ್. ಬಂಡೆಗೆ ಬಡಿದು ಮುಳುಗಲು ಅಷ್ಟು ಸಾಕು. ಜಾನ್ ಹ್ಯಾರಿಸನ್ ಎಂಬ ಇಂಗ್ಲೆಂಡಿನ ಬಡಗಿಯ ಮಗ ಬದುಕಿಡೀ ಇದಕ್ಕಾಗಿ ದುಡಿದು, ಕೊನೆಗೆ ಅಂಗೈಯಗಲದ ಒಂದು ವಾಚು ಮಾಡಿದ. 1761ರಲ್ಲಿ ಅದು ಹಡಗು ಹತ್ತಿ ಜಮೈಕಾಕ್ಕೆ ಹೊರಟಿತು. ನಮ್ಮಲ್ಲಿ ಪಾಣಿಪತ್ತಿನ ಮೂರನೆಯ ಯುದ್ಧವಾದ ವರ್ಷ ಅದು. ದಿನಕ್ಕೆ ಇಷ್ಟು ತಪ್ಪುತ್ತದೆಂದು ಮೊದಲೇ ಗೊತ್ತಿದ್ದ ಲೆಕ್ಕ ಕಳೆದ ಮೇಲೆ, ಎಂಬತ್ತು ದಿನದ ಪಯಣಕ್ಕೆ ಐದು ಸೆಕೆಂಡಿನಷ್ಟೇ ವ್ಯತ್ಯಾಸ ಬಂದಿತ್ತು.

ಆ ವಾಚು ಹೋದದ್ದು ಪೆಟ್ಟಿಗೆಯಲ್ಲಿ, ಮೆತ್ತೆಯ ಮೇಲೆ ಮಲಗಿ. ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮಾಸ್ಕೆಲಿನ್ 1766-67ರಲ್ಲಿ ಅದನ್ನು ಹತ್ತು ತಿಂಗಳು ಪರೀಕ್ಷೆಗೆ ಇಟ್ಟುಕೊಂಡ. ಮಲಗಿಸಿದ, ಬೋರಲು ಹಾಕಿದ, ನಿಲ್ಲಿಸಿದ, ಪ್ರತಿ ಭಂಗಿಗೂ ನಡೆ ಬರೆದುಕೊಂಡ. ಭಂಗಿ ಬದಲಾದಂತೆ ನಡೆಯೂ ಬದಲಾಯಿತು. ಮಾಸ್ಕೆಲಿನ್‌ಗೆ ಹ್ಯಾರಿಸನ್ ಮೇಲೆ ಅಷ್ಟು ಪ್ರೀತಿ ಇರಲಿಲ್ಲ, ಇಬ್ಬರ ಜಗಳವೇ ಒಂದು ದೊಡ್ಡ ಕತೆ. ನಮಗನಿಸುವಂತೆ ಆ ಪರೀಕ್ಷೆ ತುಸು ಅನ್ಯಾಯದ್ದು. ಹಡಗಿನಲ್ಲಿ ಮಲಗಿಯೇ ಇರಬೇಕಾದ ವಾಚನ್ನು ನಿಲ್ಲಿಸಿ ತಪ್ಪು ಹುಡುಕಿದರೆ ಏನು ಹೇಳುವುದು? ಆದರೂ ಭಂಗಿಗೊಂದು ನಡೆ ಎಂಬುದು ಕಾಗದದ ಮೇಲೆ ದಾಖಲಾದದ್ದಂತೂ ಹೌದು.

ಹಡಗಿನವರು ಮುಂದೆ ಕಂಡುಕೊಂಡ ದಾರಿ ಸರಳ. ಭಂಗಿಯನ್ನು ಬದಲಾಗಲಿಕ್ಕೇ ಬಿಡಬಾರದು. ಗಡಿಯಾರವನ್ನು ಒಂದರೊಳಗೊಂದು ತಿರುಗುವ ಹಿತ್ತಾಳೆ ಬಳೆಗಳಲ್ಲಿ ಕೂರಿಸಿ ಪೆಟ್ಟಿಗೆಯಲ್ಲಿಟ್ಟರು. ಹಡಗು ಎಡಕ್ಕೆ ವಾಲಲಿ, ಬಲಕ್ಕೆ ವಾಲಲಿ, ಡಯಲ್ ಆಕಾಶ ನೋಡುತ್ತಲೇ ಇರುತ್ತಿತ್ತು. ಬಾವಿಯಿಂದ ನೀರು ತರುವ ಹೆಂಗಸಿನ ಸೊಂಟ ಎಷ್ಟು ಆಡಿದರೂ ತಲೆಯ ಮೇಲಿನ ಕೊಡ ಆಡದ ಹಾಗೆ.

ಜೇಬಿನ ವಾಚಿಗೆ ಆ ಭಾಗ್ಯವಿಲ್ಲ. ಹಗಲೆಲ್ಲ ಜೇಬಿನಲ್ಲಿ ನಿಂತಿರುತ್ತದೆ, ರಾತ್ರಿ ಮೇಜಿನ ಮೇಲೆ ಮಲಗುತ್ತದೆ. ಪ್ಯಾರಿಸಿನ ಬ್ರೆಗೆ ಎಂಬ ಗಡಿಯಾರದವನು ಇದಕ್ಕೆ ಒಂದು ಉಪಾಯ ಹೂಡಿದ. ಬ್ಯಾಲೆನ್ಸ್ ಗಾಲಿ ಇರುವ ಇಡೀ ಭಾಗವನ್ನೇ ಒಂದು ಪಂಜರದಲ್ಲಿ ಕೂರಿಸಿ, ಆ ಪಂಜರವೇ ನಿಧಾನಕ್ಕೆ ಸುತ್ತುವಂತೆ ಮಾಡಿದ. ಭಾರದ ಮಗ್ಗುಲು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಬಂದು, ತಪ್ಪಿಗೆ ತಪ್ಪು ವಜಾ. ಇದಕ್ಕೆ ಹಕ್ಕುಪತ್ರ ಸಿಕ್ಕಿದ್ದು 1801ರಲ್ಲಿ, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದು ಎರಡು ವರ್ಷಕ್ಕೆ. ಟೂರ್ಬಿಯಾನ್ ಎಂಬ ಹೆಸರಿನ ಆ ವಾಚುಗಳು ಇಂದಿಗೂ ಬರುತ್ತವೆ. ಒಳ್ಳೆಯ ಸ್ವಿಸ್ ಕಂಪನಿಯದ್ದಾದರೆ ಒಂದರ ಬೆಲೆಗೆ ನಮ್ಮ ಕಡೆ ಹೊಲ ಬರುತ್ತದೆ.

ಸಾಮಾನ್ಯರು ಹಿಡಿದ ದಾರಿಗೆ ಖರ್ಚು ಕಡಿಮೆ. ರಾತ್ರಿಯೂ ವಾಚನ್ನು ನೇತುಹಾಕಲು ಕಟ್ಟಿಗೆಯ ಸಣ್ಣ ಗೂಡು ಮಾಡಿಸಿಕೊಂಡರು. ಹಗಲು ಹೇಗೆ ನಿಂತಿತ್ತೋ ರಾತ್ರಿಯೂ ಹಾಗೆಯೇ ನಿಂತಿತು. ಗಾಂಧೀಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಗಡಿಯಾರ ಎಲ್ಲರೂ ಫೋಟೊದಲ್ಲಿ ಕಂಡದ್ದೇ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು ಅವರೇ ಆಗಿದ್ದರು. ಹೊತ್ತಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನ ಮನುಷ್ಯ, ವಾಚನ್ನು ಹಗಲೆಲ್ಲ ನೇತಾಡುವ ಒಂದೇ ಭಂಗಿಯಲ್ಲಿ ಇಟ್ಟುಕೊಂಡದ್ದು ಅದಕ್ಕೂ ಒಳ್ಳೆಯದೇ ಆಯಿತು ಅನ್ನಬೇಕು.

ಭಂಗಿಯ ಲೆಕ್ಕ ಜೀವದ ಲೆಕ್ಕವಾದದ್ದು ರೈಲಿನಲ್ಲಿ. 1891ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ ಎರಡು ರೈಲು ಎದುರುಬದುರು ಡಿಕ್ಕಿಯಾದವು. ಒಂದೇ ಹಳಿಯ ದಾರಿ. ಒಂದು ರೈಲು ಪಕ್ಕಕ್ಕೆ ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು, ಎಲ್ಲವೂ ವಾಚು ನೋಡಿಯೇ ನಡೆಯಬೇಕು. ಒಬ್ಬ ಡ್ರೈವರನ ವಾಚು ನಾಲ್ಕು ನಿಮಿಷ ಹಿಂದಿತ್ತೆಂದು ಹೇಳಲಾಯಿತು. ಆಮೇಲೆ ವೆಬ್ ಬಾಲ್ ಎಂಬ ಗಡಿಯಾರದ ವ್ಯಾಪಾರಿಯನ್ನು ತಪಾಸಣೆಗೆ ನೇಮಿಸಿದರು. ರೈಲಿನವರ ವಾಚಿಗೆ ಕಟ್ಟಳೆ ಬಂತು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು, ಐದು ಭಂಗಿಗಳಲ್ಲಿ ಹೊಂದಿಸಿರಬೇಕು. ಡ್ರೈವರ್ ಬಗ್ಗಿ ಕಲ್ಲಿದ್ದಲು ನೋಡಲಿ, ಕೂತಿರಲಿ, ಕೋಟು ಕಳಚಿ ಮೊಳೆಗೆ ಹಾಕಿರಲಿ, ವಾಚು ಒಂದೇ ಹೊತ್ತು ಹೇಳಬೇಕು. ಸ್ವಿಟ್ಜರ್ಲೆಂಡಿನಲ್ಲಿ ಕ್ರೋನೋಮೀಟರ್ ಎಂದು ಪ್ರಮಾಣಪತ್ರ ಕೊಡುವ ಪರೀಕ್ಷೆ ಇಂದಿಗೂ ಐದು ಭಂಗಿಯದ್ದೇ. ಹದಿನೈದು ದಿನ ನಡೆಯುತ್ತದೆ. ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದಿನಿಂದ 6 ಸೆಕೆಂಡು ಮುಂದಿನವರೆಗೆ ಮಾತ್ರ ಮಾಫಿ.

ನಮ್ಮ ಕಡೆಯ ಕೈಗೆ ವಾಚು ಬಂದದ್ದು ಹೇಗೆ? ಮೊದಲು ಬಂದವು ಹೊರದೇಶದವು. ವೆಸ್ಟ್ ಎಂಡ್, ಫೇವರ್ ಲೂಬಾ, ರೋಮರ್ ಎಂಬ ಹೆಸರು ಹಿರಿಯರ ಬಾಯಲ್ಲಿ ಇನ್ನೂ ಉಳಿದಿವೆ. ಅವು ಸಾಹುಕಾರರ, ಸಾಹೇಬರ, ಪಲ್ಟನ್ನಿನವರ ವಾಚು. ಒಕ್ಕಲಿಗನ ಕೈಗೆ, ಶಾಲೆ ಮಾಸ್ತರರ ಕೈಗೆ ವಾಚು ಕಟ್ಟಿದ್ದು ಬೆಂಗಳೂರಿನ ಎಚ್‌ಎಂಟಿ. ಹಿಂದೂಸ್ತಾನ್ ಮಷಿನ್ ಟೂಲ್ಸ್ 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ್ದು ಯಂತ್ರ ಮಾಡುವ ಯಂತ್ರ ತಯಾರಿಸಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚಿನ ಕಾರ್ಖಾನೆ ಸೇರಿಕೊಂಡಿತು. ಮೊದಲ ಕಂತಿನ ವಾಚು ಬಿಡುಗಡೆ ಮಾಡಿದವರು ಪ್ರಧಾನಿ ನೆಹರು. ಜನತಾ, ಪೈಲಟ್, ಜವಾನ್, ಸೋನಾ, ಕೋಹಿನೂರ್ ಹೀಗೆ ಹೆಸರುಗಳು ಬಂದವು. ಕುರುಡರು ಮುಟ್ಟಿ ಓದುವ ವಾಚನ್ನೂ ಮಾಡಿದರು. ತುಮಕೂರಿನಲ್ಲಿ ಇನ್ನೊಂದು ಕಾರ್ಖಾನೆ 1978ರ ಹೊತ್ತಿಗೆ ಬಂತು.

ಜನತಾ 17 ಹರಳಿನ, ದಿನಕ್ಕೊಮ್ಮೆ ಚಾವಿ ಕೊಡುವ ವಾಚು. ಗಟ್ಟಿ, ಸರಳ, ಕಡಿಮೆ ಬೆಲೆ. ಅಂಥ ವಾಚನ್ನು ಲಕ್ಷಗಟ್ಟಲೆ ಮಾಡುವಾಗ ಒಂದೊಂದನ್ನೂ ವಾರಗಟ್ಟಲೆ ಐದು ಭಂಗಿಯಲ್ಲಿ ಇಟ್ಟು ತಿದ್ದುತ್ತ ಕೂರಲು ಜಗತ್ತಿನ ಯಾವ ಕಾರ್ಖಾನೆಗೂ ಆಗುವುದಿಲ್ಲ. ಹಾಗೆ ಮಾಡಿದರೆ ಅದು ಜನತೆಯ ಬೆಲೆಗೆ ಸಿಗುವುದಿಲ್ಲ. ಹೀಗಾಗಿ ಕೊನೆಯ ಹದ ಕಾರ್ಖಾನೆಯಲ್ಲಿ ಅಲ್ಲ, ಮನೆಯಲ್ಲಿ ಆಗಬೇಕಿತ್ತು. ಹಿರಿಯರು ಅದನ್ನು ಮಾಡಿಯೂ ಮಾಡಿದರು, ಇದಕ್ಕೊಂದು ಶಾಸ್ತ್ರವಿದೆ ಎಂದು ಯಾರೂ ಹೇಳಿಕೊಡದಿದ್ದರೂ.

ಒಬ್ಬರು ಗೋಡೆಯ ಮಾಡದಲ್ಲಿ ಡಯಲ್ ಮೇಲೆ ಮಾಡಿ ಇಡುತ್ತಿದ್ದರು. ಇನ್ನೊಬ್ಬರು ಪಟ್ಟಾ ಹಾಕಿ ಗೂಟಕ್ಕೆ ಸಿಕ್ಕಿಸುತ್ತಿದ್ದರು. ಕೆಲವರು ಪಟ್ಟಾವನ್ನು ಬಳೆಯಂತೆ ಮಡಚಿ, ವಾಚನ್ನು ಮಗ್ಗುಲಿಗೆ ನಿಲ್ಲಿಸುತ್ತಿದ್ದರು. ಯಾರಾದರೂ ಜಾಗ ಬದಲಿಸಿದರೆ ಸಿಟ್ಟು. ಮನೆಯವರಿಗೆ ಅದು ಮುದುಕನ ಹಟದಂತೆ ಕಂಡಿರಬೇಕು. ಹಟವೇ ಇರಬಹುದು, ಆದರೆ ಹಟದ ಹಿಂದೆ ರೇಡಿಯೊ ಸದ್ದಿಗೆ ನೋಡಿದ ವರ್ಷಗಳ ಅನುಭವವೂ ಇತ್ತು. ಆ ವಾಚು ಆ ಜಾಗದಲ್ಲಿ ಇಟ್ಟಾಗ ಸರಿ ನಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು.

ರಾತ್ರಿಯೇ ಯಾಕೆ ಮುಖ್ಯ? ಹಗಲು ಕೈಯಲ್ಲಿದ್ದಾಗ ವಾಚು ಸುಮ್ಮನಿರುವುದಿಲ್ಲ. ಊಟಕ್ಕೆ ಕೂತಾಗ ಒಂದು ಭಂಗಿ, ಸೈಕಲ್ ಹಿಡಿದಾಗ ಒಂದು, ಕೈ ಇಳಿಬಿಟ್ಟು ನಡೆವಾಗ ಇನ್ನೊಂದು. ತಪ್ಪುಗಳು ಅಷ್ಟಿಷ್ಟು ಒಂದನ್ನೊಂದು ಕಳೆದುಕೊಳ್ಳುತ್ತವೆ. ರಾತ್ರಿ ಏಳೆಂಟು ತಾಸು ಒಂದೇ ಭಂಗಿ. ದಿನದ ಮೂರರಲ್ಲೊಂದು ಪಾಲು ಒಂದೇ ದಿಕ್ಕಿನ ತಪ್ಪು ಕೂಡುತ್ತದೆ. ಇನ್ನೊಂದು ಸೂಕ್ಷ್ಮ: ಎಡಗೈಗೆ ಕಟ್ಟಿ ಕೈ ಇಳಿಬಿಟ್ಟರೆ ಚಾವಿ ಗುಂಡಿ ಬೆರಳ ಕಡೆ, ಅಂದರೆ ಕೆಳಗೆ. ಅದೇ ವಾಚನ್ನು ಬಲಗೈಗೆ ಕಟ್ಟಿದರೆ ಗುಂಡಿ ಮೊಣಕೈ ಕಡೆ, ಅಂದರೆ ಮೇಲೆ. ಅಪ್ಪನ ಎಡಗೈಯಲ್ಲಿ ಸರಿ ನಡೆದ ವಾಚು ಮಗನ ಬಲಗೈಯಲ್ಲಿ ತಪ್ಪಿದರೆ ಆಶ್ಚರ್ಯಪಡಬೇಕಿಲ್ಲ.

ಈಗ ನಿಮ್ಮ ಮನೆಯ ವಾಚಿಗೆ ಬನ್ನಿ. ದಿನಾ ಮುಂಜಾನೆ ಒಂದೇ ಹೊತ್ತಿಗೆ ಚಾವಿ ಪೂರ್ತಿ ಕೊಡಿ, ಬಿಗಿಯಾಗಿ ನಿಂತ ಮೇಲೆ ಒತ್ತಾಯ ಮಾಡಬೇಡಿ. ಸರಿಯಾದ ವೇಳೆ ನಿಮ್ಮ ಮೊಬೈಲಿನಲ್ಲೇ ಇದೆ. ರಾತ್ರಿ ಮಲಗುವಾಗ ವ್ಯತ್ಯಾಸ ಎಷ್ಟು ಸೆಕೆಂಡು ಎಂದು ಕ್ಯಾಲೆಂಡರಿನ ಮೇಲೆ ಬರೆಯಿರಿ, ಎದ್ದ ಮೇಲೆ ಮತ್ತೆ ಬರೆಯಿರಿ. ಎರಡು ರಾತ್ರಿ ಡಯಲ್ ಮೇಲೆ, ಎರಡು ರಾತ್ರಿ ಗುಂಡಿ ಕೆಳಗೆ, ಎರಡು ರಾತ್ರಿ ಗುಂಡಿ ಮೇಲೆ. ವಾರದೊಳಗೆ ನಿಮ್ಮ ವಾಚಿನ ಗುಣ ನಿಮಗೇ ತಿಳಿಯುತ್ತದೆ. ಯಾವ ಭಂಗಿಯಲ್ಲಿ ಮುಂದೆ ಹೋಗುತ್ತದೆ ಎಂದು ನಾವು ಇಲ್ಲಿಂದ ಹೇಳಲಾಗದು, ಒಂದೊಂದು ವಾಚಿನದು ಒಂದೊಂದು ಜಾತಕ.

ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಹಗಲಿನ 16 ತಾಸಿಗೆ ವಾಚು 12 ಸೆಕೆಂಡು ಮುಂದೆ, ರಾತ್ರಿ ಡಯಲ್ ಮೇಲಿಟ್ಟ 8 ತಾಸಿಗೆ ಇನ್ನೂ 4 ಮುಂದೆ. ದಿನಕ್ಕೆ 16, ವಾರಕ್ಕೆ 112 ಸೆಕೆಂಡು, ಹೆಚ್ಚುಕಡಿಮೆ ಎರಡು ನಿಮಿಷ. ಗುಂಡಿ ಮೇಲೆ ಮಾಡಿ ನಿಲ್ಲಿಸಿದಾಗ ಅದೇ 8 ತಾಸಿಗೆ 9 ಸೆಕೆಂಡು ಹಿಂದೆ ಬೀಳುತ್ತದೆ ಅನ್ನಿ. ದಿನಕ್ಕೆ ಉಳಿದದ್ದು 3, ವಾರಕ್ಕೆ 21 ಸೆಕೆಂಡು. ಕಿಪ್ಟನ್ ಅಪಘಾತದ ನಂತರ ಅಮೆರಿಕದ ರೈಲಿನವರು ಹಾಕಿದ ಕಟ್ಟಳೆಯೊಳಗೆ ನಿಮ್ಮ ಜನತಾ ಬಂದು ಕೂತಿತು, ಒಂದು ಪೈಸೆ ಖರ್ಚಿಲ್ಲದೆ.

ರಿಪೇರಿ ಅಂಗಡಿಯಲ್ಲಿ ಹಿಂದಿನ ಮುಚ್ಚಳ ತೆಗೆದು ಸಣ್ಣ ಕಡ್ಡಿಯೊಂದನ್ನು ಸರಿಸಿ ವೇಳೆ ತಿದ್ದುತ್ತಾರಲ್ಲ, ಅದು ಎಲ್ಲ ಭಂಗಿಯ ನಡೆಯನ್ನೂ ಒಟ್ಟಿಗೆ ಮುಂದೆ ಅಥವಾ ಹಿಂದೆ ತಳ್ಳುತ್ತದೆ. ಭಂಗಿ ಭಂಗಿಯ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಅಂಗಡಿಯ ಮೇಜಿನ ಮೇಲೆ ಮಲಗಿಸಿ ತಿದ್ದಿದ ವಾಚು ಮನೆಗೆ ಬಂದು ಕೈಗೇರಿದಾಗ ಮತ್ತೆ ತಪ್ಪುವುದು ಅದಕ್ಕೇ. ರಿಪೇರಿಯವರಿಗೆ ಬೈದು ಬಂದವರು ಬಹಳ. ವಾಚು ಕೊಡುವಾಗಲೇ "ಹಗಲು ಎಡಗೈಯಾಗ ಇರತೈತಿ, ರಾತ್ರಿ ಹಿಂಗ ಇಡತೀವಿ" ಎಂದು ಹೇಳಿದರೆ, ಕಸುಬು ಬಲ್ಲವರಾದರೆ ಅದನ್ನು ಲೆಕ್ಕಕ್ಕೆ ಹಿಡಿದು ತಿದ್ದುತ್ತಾರೆ. ವಾಚಿನ ಟಿಕ್ ಟಿಕ್ ಕೇಳಿ ನಡೆ ಹೇಳುವ ಆ್ಯಪ್‌ಗಳೂ ಈಗ ಮೊಬೈಲಿಗೆ ಬಂದಿವೆ. ಸುತ್ತ ಗದ್ದಲ ಇರಬಾರದು ಅಷ್ಟೆ.

ಆದರೆ ಎಲ್ಲ ತಪ್ಪನ್ನೂ ಭಂಗಿಯ ತಲೆಗೆ ಕಟ್ಟಬೇಡಿ. ಭಂಗಿಯ ವ್ಯತ್ಯಾಸ ಸಾಮಾನ್ಯವಾಗಿ ಸೆಕೆಂಡುಗಳಲ್ಲಿ ಇರುತ್ತದೆ, ಬಹಳವೆಂದರೆ ಅರ್ಧ ನಿಮಿಷದ ಆಸುಪಾಸು. ದಿನಕ್ಕೆ ಐದು ಹತ್ತು ನಿಮಿಷ ಮುಂದೆ ಓಡಿದರೆ ಅದಕ್ಕೆ ಅಯಸ್ಕಾಂತ ಹಿಡಿದಿರಬಹುದು. ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗ್ ಗಿಡ್ಡಾದಂತೆ ಆಗಿ ವಾಚು ಓಡುತ್ತದೆ. ರೇಡಿಯೊ, ಸ್ಪೀಕರು, ಮೊಬೈಲಿನ ಪಕ್ಕ ಇಟ್ಟು ಮಲಗುವವರಿಗೆ ಈ ಕಾಟ ಹೆಚ್ಚು. ಅಯಸ್ಕಾಂತ ಇಳಿಸುವ ಸಣ್ಣ ಯಂತ್ರ ರಿಪೇರಿ ಅಂಗಡಿಯಲ್ಲಿ ಇರುತ್ತದೆ, ಕ್ಷಣದ ಕೆಲಸ. ಮಲಗಿಸಿದರೆ ನಡೆಯುತ್ತದೆ, ನಿಲ್ಲಿಸಿದರೆ ನಿಂತೇ ಹೋಗುತ್ತದೆ ಎಂದಾದರೆ ಎಣ್ಣೆ ಒಣಗಿದೆ ಇಲ್ಲವೆ ಅಚ್ಚಿನ ತುದಿ ಸವೆದಿದೆ ಎಂದು ಅರ್ಥ. ಅದಕ್ಕೆ ತೊಳೆದು ಎಣ್ಣೆ ಹಾಕಿಸಬೇಕು.

ಈ ತಿಳಿವಳಿಕೆ ಒಂದೇ ತಲೆಮಾರಿನಲ್ಲಿ ಮಾಯವಾದದ್ದಕ್ಕೆ ಕಾರಣ ಸೆಲ್ಲಿನ ವಾಚು. ಅದರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ನಿಂತಿತೋ ಮಲಗಿತೋ ಎಂಬುದು ಅದಕ್ಕೆ ಲೆಕ್ಕಕ್ಕೇ ಇಲ್ಲ ಅನ್ನಬಹುದು. 1987ರಲ್ಲಿ ಹೊಸೂರಿನಿಂದ ಟೈಟನ್ ಬಂತು, ಎಚ್‌ಎಂಟಿಯೂ ಸೆಲ್ಲಿನ ವಾಚು ಮಾಡಿತು, ಆದರೆ ಪೇಟೆ ಕೈಬಿಟ್ಟು ಹೋಗಿತ್ತು. ವರ್ಷ ವರ್ಷ ನಷ್ಟ, ಸಂಬಳ ಬಾಕಿ, ಸ್ವಯಂ ನಿವೃತ್ತಿ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋದ್ದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹೇರ್‌ಸ್ಪ್ರಿಂಗ್ ತಿದ್ದುತ್ತಿದ್ದ ಗಂಡಸರು ಹೆಂಗಸರ ಆ ಕೈಚಳಕಕ್ಕೆ ಮುಂದೆ ಯಾರೂ ವಾರಸುದಾರರಾಗಲಿಲ್ಲ. ನಷ್ಟದ ಕಾರ್ಖಾನೆ ಮುಚ್ಚಬೇಕಿತ್ತೋ ಬೇಡವೋ ಎಂಬ ವಾದ ಬೇರೆ. ಆ ಕೈಗಳು ಹೋದದ್ದು ಮಾತ್ರ ಮರಳಿ ಬರದ ನಷ್ಟ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಹಳೆಯ ಎಚ್‌ಎಂಟಿಗೆ ಬೆಲೆ ಬಂದಿದೆ. ಪಟ್ಟಣದ ಹುಡುಗರು ಹುಡುಕಿ ಕೊಳ್ಳುತ್ತಾರೆ. ಆನ್‌ಲೈನಿನಲ್ಲಿ ಮಿರಿಮಿರಿ ಮಿಂಚುವ ಜನತಾ, ಪೈಲಟ್ ಕಂಡರೆ ಬಹಳಷ್ಟು ಸಲ ಅದರ ಡಯಲಿಗೆ ಹೊಸ ಬಣ್ಣ ಬಳಿದಿರುತ್ತಾರೆ, ಒಳಗಿನ ಭಾಗ ನಾಲ್ಕು ವಾಚಿನದು ಸೇರಿರುತ್ತದೆ. ನಿಮ್ಮ ಟ್ರಂಕಿನಲ್ಲಿ ಇರುವುದು ಡಯಲ್ ಹಳದಿಗೆ ತಿರುಗಿದ, ಗಾಜು ಗೀರು ಬಿದ್ದ, ಒಂದೇ ಕೈ ಕಂಡ ವಾಚು. ಹಳೆ ಸಾಮಾನಿನವರು ಅದಕ್ಕೆ ನೂರು ಇನ್ನೂರು ಹೇಳುವಾಗ "ಟೈಮ್ ಸರಿ ಇಲ್ಲ" ಎಂಬುದನ್ನೇ ನೆಪ ಮಾಡುತ್ತಾರೆ.

ತೊಳೆಸಿ ಎಣ್ಣೆ ಹಾಕಿಸುವುದಾದರೆ ಎದುರಿಗೇ ಕೂತು ಮಾಡಿಸಿ, ಒಳಗಿನ ಯಂತ್ರದ ಫೋಟೊ ಮೊದಲೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಡಯಲಿಗೆ ಹೊಸ ಬಣ್ಣ ಬೇಡ ಎಂದು ಬಾಯಿಬಿಟ್ಟು ಹೇಳಿ. ಮನೆಗೆ ತಂದ ಮೇಲೆ ಮೂರು ನಾಲ್ಕು ದಿನ ಸುಮ್ಮನೆ ನಡೆಯಲು ಬಿಡಿ, ಹೊಸ ಎಣ್ಣೆ ಹರಡಿಕೊಳ್ಳಲಿ. ರಾತ್ರಿಯ ಲೆಕ್ಕ ಆಮೇಲೆ ಶುರು ಮಾಡಿ. ಅಜ್ಜಿ ಇನ್ನೂ ಇದ್ದರೆ, ಅಜ್ಜ ರಾತ್ರಿ ವಾಚನ್ನು ಎಲ್ಲಿ, ಯಾವ ಮಗ್ಗುಲಿಗೆ ಇಡುತ್ತಿದ್ದರು ಎಂದು ಮೊದಲು ಅವರನ್ನೇ ಕೇಳಿ, ಪರೀಕ್ಷೆಯನ್ನು ಆ ಭಂಗಿಯಿಂದಲೇ ಆರಂಭಿಸಬಹುದು.